ಜಾಕ್ ಎಲ್ಲಿ ಕಟ್ಟಬೇಕು?

ಥಾರ್, ಜಿಪ್ಸಿ, ರಾಂಗ್ಲರ್ ತರಹದ ಗಾಡಿಗಳನ್ನು ಕಾಡುದಾರಿಗೆಂದು ಸಜ್ಜು ಮಾಡಿಕೊಂಡವರ ಬಾನೆಟ್ ಮೇಲೋ, ಹಿಂದಿನ ಸ್ಟೆಪ್ನಿಯ ಪಕ್ಕದಲ್ಲೋ, ಉದ್ದಕ್ಕೂ ತೂತು ಕೊರೆದ ನಾಲ್ಕಡಿಯ ಉಕ್ಕಿನ ಪಟ್ಟಿಯೊಂದು ಕಾಣಿಸುತ್ತದೆ. ನೋಡಿದವರು ಶೋಕಿ ಅಂದುಕೊಳ್ಳುತ್ತಾರೆ. ಕಟ್ಟಿಕೊಂಡವರಲ್ಲೂ ಕೆಲವರಿಗೆ ಅದು ಶೋಕಿಯೇ. ಅದರ ಹೆಸರು ಹೈ-ಲಿಫ್ಟ್ ಜಾಕ್. ಫಾರ್ಮ್ ಜಾಕ್ ಎಂದೂ ಕರೆಯುತ್ತಾರೆ. ಗಾಡಿಯ ಜೊತೆ ಕಂಪನಿ ಕೊಡುವ ಪುಟ್ಟ ಜಾಕ್ ಟಾರು ರಸ್ತೆಯಲ್ಲಿ ಚಕ್ರ ಬದಲಿಸುವುದಕ್ಕೆ ಸಾಕು. ಗಾಡಿ ಕೆಸರಿನಲ್ಲಿ ಹೊಟ್ಟೆ ಊರಿ ಕೂತರೆ ಅದನ್ನು ಅಡಿಗೆ ತೂರಿಸಲು ಜಾಗವೇ ಇರುವುದಿಲ್ಲ. ಫಾರ್ಮ್ ಜಾಕ್ ಹೊರಗೆ ನಿಂತು ಬಂಪರಿಗೇ ಮೂಗು ಕೊಟ್ಟು ಎತ್ತುತ್ತದೆ. ಎದ್ದ ಚಕ್ರದ ಅಡಿಗೆ ಕಲ್ಲು, ಸೊಪ್ಪು, ಹಲಗೆ ತುರುಕಬಹುದು.

ಈ ಜಾಕ್ ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್ ಎಂಬ ಊರಿನಲ್ಲಿ 1905ರಿಂದ ತಯಾರಾಗುತ್ತಿದೆ. ಜೀಪ್ ಹುಟ್ಟಿದ್ದು ಅದಾಗಿ ಮೂರೂವರೆ ದಶಕದ ಮೇಲೆ, ಎರಡನೆಯ ಮಹಾಯುದ್ಧದ ಹೊತ್ತಿಗೆ. ಅಂದರೆ ಇದು ಮೊದಲಿಗೆ ರೈತನ ಹತಾರ: ಬೇಲಿಯ ಕಂಬ ಕೀಳಲು, ತಂತಿ ಬಿಗಿಯಲು, ಹೂತ ಬಂಡಿ ಎತ್ತಲು. ಕೆಲಸ ಮುಗಿದ ಮೇಲೆ ಕೊಟ್ಟಿಗೆಯ ಗೋಡೆಗೆ ಒರಗಿ ಒಣಗಿರುತ್ತಿತ್ತು. ಗಾಡಿಯ ಮೈಮೇಲೆ ಬಿಸಿಲು, ಮಳೆ, ಧೂಳು ತಿನ್ನುತ್ತ ಸಾವಿರಾರು ಕಿಲೋಮೀಟರ್ ಕುಲುಕುವ ಬಾಳನ್ನು ಅದಕ್ಕೆ ಯಾರೂ ಎಣಿಸಿರಲಿಲ್ಲ. ಅದನ್ನು ಗಾಡಿಯ ಯಾವ ಮೂಲೆಗೆ ಕಟ್ಟಬೇಕು ಎಂಬ ತಲೆನೋವು ಹುಟ್ಟಿದ್ದು ಹೀಗೆ.

ತಲೆನೋವು ಅರ್ಥವಾಗಬೇಕಾದರೆ ಜಾಕಿನ ಹೊಟ್ಟೆ ನೋಡಬೇಕು. ಪಟ್ಟಿಯನ್ನು ಅಪ್ಪಿಕೊಂಡು ಸರಿಯುವ ಎರಡು ಎರಕದ ತುಂಡುಗಳಿವೆ, ದೊಡ್ಡದೊಂದು, ಚಿಕ್ಕದೊಂದು. ಭಾರ ಹೊರುವ ಮೂಗು ದೊಡ್ಡದಕ್ಕಿದೆ. ಎರಡರಲ್ಲೂ ಒಂದೊಂದು ಪಿನ್, ಪಿನ್ನಿಗೊಂದು ಸ್ಪ್ರಿಂಗ್. ಹ್ಯಾಂಡಲ್ ಒತ್ತಿದಾಗ ಚಿಕ್ಕದರ ಪಿನ್ ಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ, ದೊಡ್ಡದು ಭಾರದೊಂದಿಗೆ ಮೇಲೇಳುತ್ತದೆ, ಅದರ ಪಿನ್ ಮುಂದಿನ ತೂತಿಗೆ ಟಕ್ಕೆಂದು ಬೀಳುತ್ತದೆ. ಹ್ಯಾಂಡಲ್ ಎತ್ತಿದಾಗ ದೊಡ್ಡದು ಹಿಡಿದು ನಿಲ್ಲುತ್ತದೆ, ಚಿಕ್ಕದು ಮೇಲೆ ಬಂದು ಸೇರಿಕೊಳ್ಳುತ್ತದೆ. ಅಡಿಕೆ ಮರ ಹತ್ತುವ ಕೊನೆಗಾರ ಕೈಯಲ್ಲಿ ಮರ ತಬ್ಬಿ ಕಾಲು ಎಳೆದುಕೊಳ್ಳುವ, ಕಾಲಿನ ತಳೆ ಬಿಗಿದ ಮೇಲೆ ಕೈ ಮೇಲಕ್ಕೆ ಹಾಕುವ ಲೆಕ್ಕವೇ ಇದು. ಎರಡರಲ್ಲಿ ಒಂದು ಸದಾ ಹಿಡಿದಿರಲೇಬೇಕು. ಇಳಿಸುವಾಗ ಸಣ್ಣದೊಂದು ಚಿಲಕ ತಿರುಗಿಸಿದರೆ ಇದೇ ಆಟ ಹಿಂದುಮುಂದಾಗಿ ನಡೆಯುತ್ತದೆ.

ಎರಡು ಟನ್ನಿಗಿಂತ ತುಸು ಹೆಚ್ಚಿನ ಭಾರಕ್ಕೆ ಅನುಮತಿಯಿರುವ ಯಂತ್ರದ ಜೀವ ಹೀಗೆ ಎರಡು ಸ್ಪ್ರಿಂಗಿನಲ್ಲಿದೆ. ಸ್ಪ್ರಿಂಗಿನ ಸುತ್ತ ಮಣ್ಣು ಒಣಗಿ ಗಟ್ಟಿಯಾದರೆ, ಪಿನ್ನಿಗೆ ತುಕ್ಕು ಹಿಡಿದರೆ, ಪಿನ್ ತೂತಿಗೆ ಪೂರ್ತಿ ಬೀಳುವುದಿಲ್ಲ. ಎತ್ತುವಾಗಲೂ ಅದು ತೊಂದರೆಯೇ. ಇಳಿಸುವಾಗ ಅಪಾಯ ಇನ್ನೂ ಹೆಚ್ಚು: ಆ ಹೊತ್ತಿನಲ್ಲಿ ಗಾಡಿಯ ಭಾರ ಹ್ಯಾಂಡಲನ್ನು ಮೇಲಕ್ಕೆ ದೂಡುತ್ತಿರುತ್ತದೆ, ನಮ್ಮ ಕೈ ಅದನ್ನು ತಡೆದಿರುತ್ತದೆ. ಪಿನ್ ಕೈಕೊಟ್ಟರೆ, ಇಲ್ಲವೇ ಕೈ ಜಾರಿದರೆ, ಹ್ಯಾಂಡಲ್ ದವಡೆ ಮುರಿಯುವ ರಭಸದಲ್ಲಿ ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ. ಫಾರ್ಮ್ ಜಾಕ್ ಹತ್ತಿರ ತಲೆ ಬಾಗಿಸಿ ನಿಲ್ಲಬೇಡಿ ಎಂದು ಬಲ್ಲವರು ಗದರುವುದು ಇದಕ್ಕೇ. ವರ್ಷಕ್ಕೊಮ್ಮೆ ಹತ್ತು ನಿಮಿಷ ದುಡಿಯುವ ಈ ಯಂತ್ರ ಉಳಿದೆಲ್ಲ ದಿನ ಸಾಮಾನಾಗಿ ಬಿದ್ದಿರುತ್ತದೆ. ಆ ಹತ್ತು ನಿಮಿಷ ಹೇಗಿರಬೇಕೆಂದು ನಿರ್ಧರಿಸುವುದು ಸಾಮಾನಾಗಿ ಕಳೆದ ದಿನಗಳು.

ಈಗ ಜಾಗ ನೋಡೋಣ. ಹಿಂಬಾಗಿಲು, ಸ್ಟೆಪ್ನಿಯ ಪಕ್ಕ, ಎಲ್ಲರ ಮೊದಲ ಆಯ್ಕೆ. ಕೈಗೆ ಸುಲಭ, ನೋಟಕ್ಕೂ ಚೆಂದ. ಆದರೆ ಚೌಕನೆಯ ಗಾಡಿ ಓಡುವಾಗ ಬೆನ್ನ ಹಿಂದೆ ಗಾಳಿಯ ಒತ್ತಡ ಕುಸಿಯುತ್ತದೆ, ಚಕ್ರ ಎಬ್ಬಿಸಿದ ಧೂಳು ಸುಳಿಯಾಗಿ ಅಲ್ಲಿಗೇ ಬಂದು ಕೂರುತ್ತದೆ. ಹಿಂದಿನ ಗಾಜು ಮುಂದಿನದಕ್ಕಿಂತ ಬೇಗ ಕೊಳಕಾಗುವುದೂ ಇದರಿಂದಲೇ. ಇಡೀ ಗಾಡಿಯಲ್ಲಿ ಸ್ಪ್ರಿಂಗುಗಳಿಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ. ಸಾಲದ್ದಕ್ಕೆ, ಪಕ್ಕಕ್ಕೆ ತೆರೆಯುವ ಆ ಬಾಗಿಲಿನ ಕೀಲುಗಳು ಸ್ಟೆಪ್ನಿಯ ಭಾರ ಆಗಲೇ ಹೊತ್ತಿವೆ. ನಾಲ್ಕಡಿಯ ಜಾಕ್ ಸುಮಾರು 13 ಕಿಲೋ. ಹಳ್ಳಕ್ಕೆ ಚಕ್ರ ಬಿದ್ದ ಏಟು ಗುರುತ್ವದ ಮೂರು ಪಟ್ಟಾದರೆ ಕೀಲಿಗೆ ತಾಗುವುದು ಸುಮಾರು 40 ಕಿಲೋದ ಎಳೆತ. ಅಲ್ಲೇ ಕಟ್ಟುವುದಾದರೆ ಎರಕದ ತುಂಡುಗಳಿಗೆ ರೆಕ್ಸಿನ್ ಚೀಲ ಹೊದಿಸಲೇಬೇಕು.

ಬಾನೆಟ್ ಮೇಲೆ ಧೂಳು ಕಡಿಮೆ, ಫೋಟೋಗೂ ಅದೇ ಒಳ್ಳೆಯದು. ನನಗೆ ಮಾತ್ರ ಅದು ಒಪ್ಪಿಗೆಯಿಲ್ಲ. ಗಾಡಿ ಒಬ್ಬ ಪಾದಚಾರಿಗೆ ತಗುಲಿದರೆ ಅವನು ಬೀಳುವುದು ಬಾನೆಟ್ಟಿನ ಮೇಲೆ. ತಗಡು ಮಡಿದು ಏಟು ನುಂಗಬೇಕಾದಲ್ಲಿ ಉಕ್ಕಿನ ಪಟ್ಟಿ ಕಾದಿರುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಗಾಡಿಯ ಮೂತಿಗೆ ಕಟ್ಟುವ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಾಗ ಮುಂದಿಟ್ಟಿದ್ದೂ ಪಾದಚಾರಿಗಳ ಸುರಕ್ಷತೆಯನ್ನೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಗಾಡಿಯ ಮೂಲರೂಪ ಬದಲಿಸುವುದರ ಬಗ್ಗೆ ಹೇಳುವುದನ್ನೂ ಓದಿಕೊಂಡಿರುವುದು ಒಳ್ಳೆಯದು. ಇನ್ನೊಂದು ತಮಾಷೆ: ಇವತ್ತಿನ ಹಲವು ಗಾಡಿಗಳ ಬಂಪರ್ ಪ್ಲಾಸ್ಟಿಕ್. ಜಾಕಿನ ಮೂಗು ಊರಲು ಉಕ್ಕಿನ ಅಂಚೇ ಇಲ್ಲದ ಗಾಡಿಯ ಮೇಲೆ ಜಾಕ್ ಹೊತ್ತು ತಿರುಗುವವರೂ ಇದ್ದಾರೆ.

ತಲೆಯ ಮೇಲಿನ ಕ್ಯಾರಿಯರ್? ಗುರುತ್ವಕೇಂದ್ರ ಮೇಲೇರಿ ಗಾಡಿ ಮಗುಚುತ್ತದೆ ಎಂದು ಹೆದರಿಸುವವರುಂಟು. ಲೆಕ್ಕ ಹಾಕಿ ನೋಡಿ: 1,700 ಕಿಲೋ ಗಾಡಿ, ಅದರ ಗುರುತ್ವಕೇಂದ್ರಕ್ಕಿಂತ ಮೀಟರಿಗೆ ತುಸು ಮೇಲೆ 13 ಕಿಲೋ. ಕೇಂದ್ರ ಏರುವುದು 8 ಮಿಲಿಮೀಟರ್. ಇದೊಂದರಿಂದ ಯಾವ ಗಾಡಿಯೂ ಮಗುಚದು. ಜೊತೆಗೆ ಡೀಸೆಲ್ ಕ್ಯಾನು, ಡೇರೆ, ಇನ್ನೊಂದು ಸ್ಟೆಪ್ನಿ ಏರಿಸಿದಾಗ ಮಾತು ಬೇರೆ. ನಿಜವಾದ ತೊಂದರೆ ಕೈಗೆಟುಕದಿರುವುದು. ಜಾಕ್ ಬೇಕಾಗುವ ಹೊತ್ತಿಗೆ ಗಾಡಿ ವಾಲಿರುತ್ತದೆ, ಕಾಲಡಿ ಕೆಸರು, ಮೇಲೆ ಮಳೆ. ಆ ಸ್ಥಿತಿಯಲ್ಲಿ ತಲೆಗಿಂತ ಎತ್ತರದಿಂದ ಇಷ್ಟು ಉದ್ದದ ಕಬ್ಬಿಣ ಇಳಿಸಿಕೊಳ್ಳಬೇಕು.

ಯಂತ್ರಕ್ಕೆ ಎಲ್ಲಕ್ಕಿಂತ ಹಿತವಾದ ಜಾಗ ಗಾಡಿಯ ಒಳಗೆ, ಕೊಟ್ಟಿಗೆಗೆ ಹತ್ತಿರದ ಬಾಳು ಅಲ್ಲೇ. ಅಲ್ಲಿ ತೊಂದರೆ ಕೂತವರದ್ದು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಗುದ್ದಿ ಥಟ್ಟನೆ ನಿಂತರೆ, ಬಿಡಿಯಾಗಿ ಬಿದ್ದಿದ್ದ ಜಾಕ್ ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. 14 ಮೀಟರ್ ಎತ್ತರದಿಂದ ಬಿದ್ದ ಕಬ್ಬಿಣಕ್ಕೆ ಇರುವ ಶಕ್ತಿ ಅದು. ಹಗ್ಗ, ರಬ್ಬರ್ ಪಟ್ಟಿ ಇದಕ್ಕೆ ಸಾಲವು. ಎರಡು ಕಡೆ ಗಾಡಿಯ ಮೈಗೆ ಬೋಲ್ಟ್ ಹಾಕಿ, ಸೀಟಿನ ಹಿಂದೆ ಅಡ್ಡಡ್ಡಲಾಗಿ, ನೆಲಕ್ಕೆ ತಗ್ಗಿನಲ್ಲಿ ಕೂರಿಸಬೇಕು. ಜಾಗವಿದ್ದರೆ ನನ್ನ ಮತ ಇದಕ್ಕೇ.

ಬೋಲ್ಟಿನ ವಿಷಯದಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲಿ ತೋರಿಸಿಕೊಟ್ಟ ಸಂಗತಿಯೊಂದಿದೆ. ನಟ್ ಸಡಿಲವಾಗುವುದು ಬೋಲ್ಟಿನ ಉದ್ದಕ್ಕೆ ಕುಲುಕಿದಾಗ ಕಡಿಮೆ, ಅಡ್ಡಕ್ಕೆ ಜಾರಾಡಿದಾಗ ಹೆಚ್ಚು. ಎರಡು ಕಡೆ ಮಾತ್ರ ಹಿಡಿದ ನಾಲ್ಕಡಿ ಪಟ್ಟಿ ಮಾಡುವುದು ಅಡ್ಡ ಕುಲುಕಾಟವನ್ನೇ. ಎಲ್ಲರೂ ನಂಬುವ ಸ್ಪ್ರಿಂಗ್ ವಾಷರ್ ಇಂಥ ಪರೀಕ್ಷೆಯಲ್ಲಿ ಹೆಚ್ಚೇನೂ ನೆರವಾಗುವುದಿಲ್ಲ. ಚೆನ್ನಾಗಿ ಬಿಗಿದ, ಒಳಗೆ ನೈಲಾನ್ ಬಳೆಯಿರುವ ನಟ್ ಕೊನೇಪಕ್ಷ ಕಳಚಿ ಬೀಳುವುದಿಲ್ಲ. ಹ್ಯಾಂಡಲನ್ನು ಪಟ್ಟಿಗೆ ಒತ್ತಿ ರಬ್ಬರ್ ತೋಡಿನಲ್ಲಿ ಹಿಡಿಸಿದರೆ ಗಡಗಡ ಸದ್ದು ನಿಲ್ಲುತ್ತದೆ. ಚಿಲಕ ಎತ್ತುವ ಕಡೆಗೇ ಇರಲಿ. ಇಳಿಸುವ ಕಡೆಗಿದ್ದರೆ ಭಾರವಿಲ್ಲದ ಎರಕದ ತುಂಡುಗಳು ಪಟ್ಟಿಯುದ್ದಕ್ಕೂ ಜಾರುತ್ತವೆ.

ಗ್ರೀಸ್ ಬಳಿಯುವ ಚಾಳಿ ಬಿಡಬೇಕು, ಅದು ಧೂಳನ್ನು ಹಿಡಿದು ಅರಗಿನಂತಾಗಿಸುತ್ತದೆ. ಮಳೆಗಾಲದ ಮುಂಚೆಯೊಮ್ಮೆ, ಆಮೇಲೊಮ್ಮೆ ಸೋಪುನೀರಲ್ಲಿ ತೊಳೆದು, ಒಣಗಿಸಿ, ಪಿನ್ನಿಗೆ ತೆಳು ಎಣ್ಣೆ ಬಿಟ್ಟು ಮನೆ ಮುಂದೆಯೇ ನಾಲ್ಕು ತೂತು ಹತ್ತಿಸಿ ಇಳಿಸಿ ನೋಡಿದರೆ ಸಾಕು. ಜೊತೆಗೊಂದು ದಪ್ಪ ಹಲಗೆ ಬೇಕು. ಜಾಕಿನ ಪಾದ ಅಂಗೈಗಿಂತ ಸ್ವಲ್ಪ ದೊಡ್ಡದು, ಸುಮಾರು 180 ಚದರ ಸೆಂಟಿಮೀಟರ್. ಒಂದು ಟನ್ ಬಿದ್ದರೆ ಗಾಡಿ ಮೇಲೇಳುವ ಬದಲು ಪಾದ ಮಣ್ಣಿಗಿಳಿಯುತ್ತದೆ. ಒಂದೂವರೆ ಅಡಿ ಚೌಕದ ಹಲಗೆ ಆ ಒತ್ತಡವನ್ನು ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಮಾಡುತ್ತದೆ. ಅದನ್ನು ಎಲ್ಲಿಡುವುದು ಎಂಬುದಕ್ಕೆ ಇಷ್ಟೆಲ್ಲ ಚರ್ಚೆ ಬೇಡ, ಡಿಕ್ಕಿಯ ಮ್ಯಾಟಿನಡಿ ಹಾಸಿದರಾಯಿತು.