ಮಸ್ಕಿ ಅಶೋಕ ಶಾಸನ

ಮಸ್ಕಿಯು ರಾಯಚೂರು ಜಿಲ್ಲೆಯ ಒಂದು ಐತಿಹಾಸಿಕ ಪಟ್ಟಣ ಹಾಗೂ ತಾಲ್ಲೂಕು ಕೇಂದ್ರ. ಇಲ್ಲಿಯ ಬೆಟ್ಟದ ಬಂಡೆಯೊಂದರ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಕಿರು ಶಿಲಾಶಾಸನವಿದೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ನಮೂದಿಸಿರುವ ಶಾಸನಗಳಲ್ಲಿ ಮೊದಲು ಪತ್ತೆಯಾದುದು ಇದೇ.

ಶೋಧ ಮತ್ತು ಮಹತ್ವ

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ, ಹಲವು ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಕಂಡುಬಂದವು. ಈ ಅರಸ ಅಶೋಕನೇ ಎಂಬುದಕ್ಕೆ ಸಿಂಹಳದ ಬೌದ್ಧ ಗ್ರಂಥಗಳೇ ಮುಖ್ಯ ಆಧಾರವಾಗಿದ್ದವು. ಮಸ್ಕಿ ಆಗ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. 1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಈ ಶಾಸನವನ್ನು ಗುರುತಿಸಿದರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು. ಇದರಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ‘ಅಶೋಕ’ ಎಂಬ ಹೆಸರೂ ಇದ್ದುದರಿಂದ, ಗ್ರಂಥಗಳ ಆಧಾರದ ಊಹೆಗೆ ಕಲ್ಲಿನ ಸಾಕ್ಷ್ಯ ದೊರೆಯಿತು. ಮುಂದೆ ಮಧ್ಯಪ್ರದೇಶದ ಗುಜರ್ರಾ ಹಾಗೂ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಈ ಹೆಸರು ಕಾಣಿಸಿತು.

ಶಾಸನದ ತಿರುಳು

ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲವಾಯಿತೆಂದೂ, ಸಂಘದ ಸಾಮೀಪ್ಯದಿಂದ ಹೆಚ್ಚು ಉದ್ಯುಕ್ತನಾದೆನೆಂದೂ ಅರಸ ಇದರಲ್ಲಿ ತಿಳಿಸುತ್ತಾನೆ. ಧರ್ಮನಿಷ್ಠೆಯಿಂದ ದೊರೆಯುವ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಚಿಕ್ಕವರೂ ಅದನ್ನು ಪಡೆಯಬಲ್ಲರು ಎಂಬುದು ಇದರ ಮುಖ್ಯ ಸಂದೇಶ. ಹಿರಿಯರು, ಕಿರಿಯರು ಎನ್ನದೆ ಎಲ್ಲರಿಗೂ ಇದನ್ನು ತಿಳಿಸಬೇಕೆಂದು ಅರಸ ಆದೇಶಿಸಿದ್ದಾನೆ. ರಾಜಧಾನಿ ಪಾಟಲಿಪುತ್ರದಿಂದ ಬಹುದೂರದ ಈ ನೆಲದಲ್ಲಿ ಇಂತಹ ಮಾತನ್ನು ಕೆತ್ತಿಸಿರುವುದು ಗಮನಾರ್ಹ.

ಪರಿಸರ

ಮಸ್ಕಿ ಪರಿಸರದಲ್ಲಿ ಶಾಸನಕ್ಕಿಂತಲೂ ಹಿಂದಿನ ಜನವಸತಿಯ ಕುರುಹುಗಳಿವೆ. ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿಯೇ ಇಲ್ಲಿ ಅನ್ವೇಷಣೆ ನಡೆಸಿದ್ದರು. 1954ರಲ್ಲಿ ಬಿ. ಕೆ. ಥಾಪರ್ ಅವರ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ ನವಶಿಲಾ-ತಾಮ್ರಶಿಲಾಯುಗ, ಬೃಹತ್‌ಶಿಲಾ ಸಂಸ್ಕೃತಿ ಹಾಗೂ ಆರಂಭಿಕ ಐತಿಹಾಸಿಕ ಕಾಲಗಳಿಗೆ ಸೇರಿದ ಪದರಗಳು ಕಂಡುಬಂದವು. ಬೆಟ್ಟದ ಮೇಲಿನ ಮಲ್ಲಿಕಾರ್ಜುನ ದೇವಾಲಯವೂ ಭಕ್ತರನ್ನು ಸೆಳೆಯುತ್ತದೆ.

ತಲುಪುವ ದಾರಿ

ರಾಯಚೂರಿನಿಂದ ಮಾನ್ವಿ, ಪೋತ್ನಾಳ ಮಾರ್ಗವಾಗಿ ಸಿಂಧನೂರಿಗೆ ಬಂದು, ಅಲ್ಲಿಂದ ಲಿಂಗಸುಗೂರಿನತ್ತ ಸಾಗುವ ಹೆದ್ದಾರಿಯಲ್ಲಿ ಮಸ್ಕಿಯನ್ನು ತಲುಪಬಹುದು. ಬೇಸಿಗೆಯ ಬಿಸಿಲು ತೀವ್ರವಾಗಿರುವುದರಿಂದ ಚಳಿಗಾಲದ ಮುಂಜಾನೆ ಭೇಟಿಗೆ ಅನುಕೂಲ. ಸಂರಕ್ಷಿತ ಸ್ಮಾರಕವಾದ ಈ ಶಾಸನದ ಅಕ್ಷರಗಳನ್ನು ಮುಟ್ಟುವುದಾಗಲಿ, ಸುತ್ತಲಿನ ಬಂಡೆಗಳ ಮೇಲೆ ಹೆಸರು ಗೀಚುವುದಾಗಲಿ ಸಲ್ಲದು.