ಸಹಿ ಹಾಕುವ ಮುನ್ನ

ಮಗಳು ಇಂಗ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷಕ್ಕೆ ಕಾಲಿಟ್ಟಾಗ ನಾಲ್ವರು ಗೆಳತಿಯರೊಡನೆ ಬಾಡಿಗೆ ಮನೆ ಗೊತ್ತುಮಾಡಿದಳು. "ಅಪ್ಪಾ, ಗ್ಯಾರಂಟರ್ ಪತ್ರಕ್ಕೆ ನಿಮ್ಮ ಸಹಿ ಬೇಕು, ನಾಳೆಯೇ ಕಳಿಸಬೇಕಂತೆ" ಎಂದಳು.

ಸಾಧಕ-ಬಾಧಕಗಳನ್ನು ವಿವರಿಸದೆ ರೋಗಿಯಿಂದ ಸಮ್ಮತಿಪತ್ರಕ್ಕೆ ಸಹಿ ಪಡೆಯಬಾರದೆಂದು ಕಿರಿಯ ವೈದ್ಯರಿಗೆ ಬೋಧಿಸುವ ನಾನು, ಓದದೆಯೇ ಲೇಖನಿ ಎತ್ತಿಕೊಂಡಿದ್ದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೊಟ್ಟು, ಛಾಪಾ ಕಾಗದದ 11 ತಿಂಗಳ ಕರಾರಿಗೆ ಕಣ್ಣುಮುಚ್ಚಿ ಸಹಿ ಹಾಕಿದ ರೂಢಿ. ತಡೆದವಳು ಮಡದಿ.

ಕರಾರನ್ನು ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರಕ್ಕೆ ಒಯ್ದೆವು. ಅಲ್ಲಿ ಅದನ್ನು ಉಚಿತವಾಗಿ ಪರಿಶೀಲಿಸಿದರು. ಸಲಹೆಗಾರ್ತಿ ಒಂದು ವಾಕ್ಯಕ್ಕೆ ಗೆರೆ ಎಳೆದರು: ಬಾಡಿಗೆದಾರರು 'ಜಂಟಿಯಾಗಿಯೂ ಪ್ರತ್ಯೇಕವಾಗಿಯೂ' ಹೊಣೆಗಾರರು, ಅವರೆಲ್ಲರ ಬಾಕಿಗೂ ಜಾಮೀನುದಾರನೇ ಹೊಣೆ. ಅಂದರೆ ಐವರಲ್ಲಿ ಯಾರೊಬ್ಬಳು ಬಾಡಿಗೆ ಕಟ್ಟದಿದ್ದರೂ ನನ್ನಿಂದಲೇ ವಸೂಲು ಮಾಡಬಹುದಿತ್ತು. ಠೇವಣಿಯೂ ಆರು ವಾರಗಳ ಬಾಡಿಗೆಯಷ್ಟಿತ್ತು. 2019ರ ಬಾಡಿಗೆದಾರರ ಶುಲ್ಕ ಕಾಯಿದೆಯಂತೆ, ವಾರ್ಷಿಕ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಠೇವಣಿ ಐದು ವಾರಗಳ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನು ಪಡೆದ 30 ದಿನಗಳೊಳಗೆ ಸರ್ಕಾರಿ ಮಾನ್ಯತೆಯ ಠೇವಣಿ ರಕ್ಷಣಾ ಯೋಜನೆಗೆ ಒಳಪಡಿಸಲೂ ಬೇಕು.

ಬಳಿಕ ಸಾಲಿಸಿಟರ್ ಒಬ್ಬರು ಎರಡು ತಿದ್ದುಪಡಿ ಬರೆದುಕೊಟ್ಟರು: ನನ್ನ ಹೊಣೆ ಮಗಳ ಪಾಲಿಗಷ್ಟೇ ಸೀಮಿತ, ಠೇವಣಿ ಐದು ವಾರಗಳದ್ದು. ಮನೆಯ ಮಾಲೀಕರು ತಕರಾರಿಲ್ಲದೆ ಒಪ್ಪಿದರು. ಕೇಳುವವರಿಲ್ಲವೆಂದೇ ಆ ವಾಕ್ಯಗಳು ಅಲ್ಲಿದ್ದವೇನೋ.

ಆರು ತಿಂಗಳ ತರುವಾಯ ಒಬ್ಬ ಹುಡುಗಿ ಓದು ನಿಲ್ಲಿಸಿ ಊರಿಗೆ ಮರಳಿದಳು. ಅವಳ ಬಾಕಿ ನನ್ನ ಬಾಗಿಲಿಗೆ ಬರಲಿಲ್ಲ.

ಮಕ್ಕಳನ್ನು ಓದಿಗೆ ಕಳುಹಿಸುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಸಹಿಗೆ ಮೊದಲು ಕರಾರು ತೋರಿಸಿದರೆ ಅದು ತಪಾಸಣೆ, ಆಮೇಲೆ ತೋರಿಸಿದರೆ ಮರಣೋತ್ತರ ಪರೀಕ್ಷೆ.