ಹೊಗೆಗೂ ಬಿಪಿಗೂ ಏನು ನಂಟು?

ಬಿಪಿ ಎಂದ ಕೂಡಲೇ ನಮಗೆ ನೆನಪಾಗುವುದು ಉಪ್ಪು, ಉಪ್ಪಿನಕಾಯಿ, ಮನೆಯ ಚಿಂತೆ. ಉಸಿರಾಡುವ ಗಾಳಿ ನೆನಪಾಗುವುದಿಲ್ಲ. ಆದರೆ ವರ್ಷಗಟ್ಟಲೆ ಹೊಗೆ, ಧೂಳಿನ ಗಾಳಿ ಸೇವಿಸುವವರಲ್ಲಿ ರಕ್ತದೊತ್ತಡ ಹೆಚ್ಚುವ ಸಂಭವವಿದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಇದು ದೆಹಲಿಯಂತಹ ಮಹಾನಗರಗಳ ತೊಂದರೆ ಮಾತ್ರವಲ್ಲ. ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರನ್ನೇ ನೋಡಿ. ಒಂದು ಕಡೆ ಬೆಂಗಳೂರು–ಮೈಸೂರು ಹೆದ್ದಾರಿಯ ವಾಹನಗಳು. ಇನ್ನೊಂದು ಕಡೆ ಕಬ್ಬಿನ ಸೀಮೆ: ಕಟಾವಾದ ಗದ್ದೆಯಲ್ಲಿ ತರಗಿಗೆ ಹಚ್ಚುವ ಬೆಂಕಿ, ಆಲೆಮನೆಗಳ ಹೊಗೆ. ಕೆಲವು ಮನೆಗಳ ಒಳಗೆ ಸೌದೆ ಒಲೆ, ರಾತ್ರಿಯಾದರೆ ಸೊಳ್ಳೆ ಬತ್ತಿ.

ಹೊಗೆಯಲ್ಲಿರುವ ಅತಿ ಸೂಕ್ಷ್ಮ ಕಣಗಳು ತಲೆಗೂದಲಿಗಿಂತ ಸುಮಾರು 30 ಪಟ್ಟು ಸಣ್ಣವು. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅಲ್ಲಿ ಉಂಟಾಗುವ ಉರಿಯೂತದ ಪರಿಣಾಮ ರಕ್ತನಾಳಗಳಿಗೂ ತಟ್ಟುತ್ತದೆ. ನಾಳಗಳು ಬಿಗಿಯಾಗುತ್ತವೆ, ಕಾಲಕ್ರಮೇಣ ಗಡುಸಾಗುತ್ತವೆ. ಆಗ ರಕ್ತ ಹರಿಸಲು ಹೃದಯ ಹೆಚ್ಚು ಒತ್ತಡ ಹಾಕಬೇಕಾಗುತ್ತದೆ.

ಹೈದರಾಬಾದ್ ಸಮೀಪದ 28 ಹಳ್ಳಿಗಳಲ್ಲಿ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಗಾಳಿಯಲ್ಲಿ ಸೂಕ್ಷ್ಮ ಕಣ ಹೆಚ್ಚಿದ್ದ ಕಡೆ ಹೆಂಗಸರ ರಕ್ತದೊತ್ತಡವೂ ಹೆಚ್ಚಿತ್ತು. ಗಂಡಸರಲ್ಲಿ ಈ ಏರಿಕೆ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಹಳ್ಳಿಯ ಗಾಳಿ ಶುದ್ಧ ಎಂಬ ನಮ್ಮ ನಂಬಿಕೆಗೆ ಇದೊಂದು ಎಚ್ಚರಿಕೆ.

ಮನೆಯಲ್ಲೇ ಮಾಡಬಹುದಾದದ್ದು ಸಾಕಷ್ಟಿದೆ:

• ಗ್ಯಾಸ್ ಇದ್ದರೂ ನೀರು ಕಾಯಿಸಲು, ದಾವತ್ ಅಡುಗೆಗೆ ಸೌದೆ ಉರಿಸುವವರು ಒಲೆಯನ್ನು ಬಯಲಿಗೆ ಹಾಕಿ. ಒಳಗೇ ಉರಿಸಬೇಕಾದರೆ ಕಿಟಕಿ ತೆರೆದಿಡಿ.
• ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿ. ಒಂದು ಬತ್ತಿ 75ಕ್ಕೂ ಹೆಚ್ಚು ಸಿಗರೇಟಿನಷ್ಟು ಸೂಕ್ಷ್ಮ ಕಣ ಹೊರಬಿಡಬಲ್ಲದು ಎಂದು ಸಂಶೋಧನೆ ಹೇಳುತ್ತದೆ.
• ಲೋಬಾನ, ಊದುಬತ್ತಿ ಹಚ್ಚಿದರೆ ಬಾಗಿಲು ಮುಚ್ಚಬೇಡಿ.
• ಕಸ, ಪ್ಲಾಸ್ಟಿಕ್, ಟೈರು ಸುಡಬೇಡಿ. ಕಬ್ಬಿನ ತರಗನ್ನು ಗದ್ದೆಯಲ್ಲೇ ಹರಡಿದರೆ ಮಣ್ಣಿಗೆ ಗೊಬ್ಬರ, ತೇವವೂ ಉಳಿಯುತ್ತದೆ.
• ಉಪ್ಪು, ತಂಬಾಕು ಕಡಿಮೆ ಮಾಡುವ ಹಳೆಯ ಬುದ್ಧಿಮಾತು ಈಗಲೂ ಸರಿಯೇ.

ಬಿಪಿ ಏರಿದ್ದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ತಲೆನೋವು, ತಲೆಸುತ್ತು ಬರಲಿ ಎಂದು ಕಾಯುತ್ತ ಕೂತರೆ ಪಾರ್ಶ್ವವಾಯು, ಹೃದಯಾಘಾತವೇ ಮೊದಲ ಸೂಚನೆ ಆಗಬಹುದು. 30 ದಾಟಿದ ಎಲ್ಲರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಬಿಪಿ ಪರೀಕ್ಷಿಸಿಕೊಳ್ಳಿ. ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಚಿಕಿತ್ಸೆ ಬೇಕು. ರಂಜಾನ್ ಬಂತೆಂದು ಮಾತ್ರೆ ನಿಲ್ಲಿಸಬೇಡಿ. ಸಹರಿ, ಇಫ್ತಾರ್ ವೇಳೆಗೆ ಹೊಂದಿಸಿಕೊಡಲು ವೈದ್ಯರನ್ನು ಮೊದಲೇ ಕೇಳಿ.

ಜುಮಾ ದಿನ ಮಸೀದಿಯಲ್ಲಿ ತಪಾಸಣಾ ಶಿಬಿರ ಇಟ್ಟರೆ ಗಂಡಸರು ಸಾಲುಗಟ್ಟಿ ನಿಲ್ಲುತ್ತಾರೆ. ಒಲೆಯ ಮುಂದೆ ಕೂತ ಅಮ್ಮಿಯ ತೋಳಿಗೆ ಆ ಪಟ್ಟಿ ಎಂದಾದರೂ ಸುತ್ತಿದೆಯೇ? ಮುಂದಿನ ಶಿಬಿರವನ್ನು ಹೆಂಗಸರೂ ಬರುವಂತೆ ಮದರಸಾದಲ್ಲೋ ಅಂಗನವಾಡಿಯಲ್ಲೋ ಇಡೋಣ.